‘ಕಾರ್ಯಕ್ರಮ’ ಎಂಬ ಪದ ಡೆಬಿಯನ್ ಸೇರಿದ್ದು

ನಮ್ಮೂರ ದೇವಸ್ಥಾನದಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಬ್ರಹ್ಮಕಲಶ. ಬ್ರಹ್ಮಕಲಶಕ್ಕೊಂದು ಸ್ಮರಣ ಸಂಚಿಕೆ, ಸಂಚಿಕೆಯಲ್ಲಿ ಹಿಂದಿನ ಬ್ರಹ್ಮಕಲಶದ ವಿವರ. 2024ರ ಜನವರಿಯಲ್ಲಿ ಸಮಿತಿಯ ಕಾರ್ಯದರ್ಶಿಯವರು ಕಾಸರಗೋಡಿನ ಬದಿಯಡ್ಕ ಪೇಟೆಯ ನನ್ನ ಡಿಟಿಪಿ ಕೋಣೆಗೆ ಬಂದು ಮೇಜಿನ ಮೇಲೆ ಒಂದು ಸಿ.ಡಿ. ಇಟ್ಟರು.

“2012ರದ್ದು ಪೂರ್ತಿ ಇದರಲ್ಲುಂಟು. ಹೊಸತಾಗಿ ಟೈಪ್ ಮಾಡುವ ಖರ್ಚು ಉಳಿಯಿತಲ್ಲ?”

ತೆರೆದರೆ ಪರದೆಯ ತುಂಬ ಇಂಗ್ಲಿಷ್ ಅಕ್ಷರಗಳು. ಒಂದಕ್ಕೆ ಟೋಪಿ, ಒಂದಕ್ಕೆ ಬಾಲ, ಇನ್ನೊಂದರ ತಲೆಯ ಮೇಲೆ ಎರಡು ಚುಕ್ಕೆ.

“ಇದೆಂತ ಮಾರಾಯ, ವೈರಸ್ಸಾ?”

“ವೈರಸ್ ಅಲ್ಲ, ಕನ್ನಡವೇ. ಹಳೆಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು.”

ನಮ್ಮ ಕಡೆಯ ಡಿಟಿಪಿಯವರಿಗೆಲ್ಲ ಗೊತ್ತಿರುವ ರಗಳೆ ಇದು. ಹಳೆಯ ನುಡಿ, ಹಳೆಯ ಬರಹ, ಇವೆಲ್ಲ ಇಂಗ್ಲಿಷ್ ಅಕ್ಷರಗಳಿಗೆಂದು ಇಟ್ಟ ಕುರ್ಚಿಗಳ ಮೇಲೆ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದ್ದವು. ಆ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಖಾಲಿ ಕುರ್ಚಿ ಕಾಣುತ್ತದೆ. ಲೋಕದ ಲಿಪಿಗಳಿಗೆಲ್ಲ ಒಟ್ಟಿಗೆ ಮಾಡಿದ ಯುನಿಕೋಡ್ ಎಂಬ ಏರ್ಪಾಟಿನಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಜಾಗ ಇದೆ, ಅಲ್ಲಿ ಈ ತೊಂದರೆ ಇಲ್ಲ. ಆದರೆ ಹಳೆಯದನ್ನು ಅಲ್ಲಿಗೆ ಸಾಗಿಸುವುದು ಕುರ್ಚಿ ಬದಲಿಸಿದಷ್ಟು ಸುಲಭ ಅಲ್ಲ. ಹಳೆಯ ಕಡತದಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂತಿರುತ್ತವೆ, ಯುನಿಕೋಡಿನಲ್ಲಿ ಬಾಯಿ ಹೇಳುವ ಕ್ರಮದಲ್ಲಿ. ‘ಕಾರ್ಯಕ್ರಮ’ ಎಂಬ ಪದವನ್ನೇ ನೋಡಿ. ನಮ್ಮೂರಿನ ಯಾವ ಆಮಂತ್ರಣ ಪತ್ರಿಕೆಯೂ ಅದಿಲ್ಲದೆ ಮುಗಿಯುವುದಿಲ್ಲ. ಹಳೆಯ ಕಡತದಲ್ಲಿ ಅದು ಕಾ, ಯ, ಅರ್ಕಾವತ್ತು, ಕ, ರ-ಒತ್ತು, ಮ. ಯುನಿಕೋಡಿಗೆ ಬರುವಾಗ ಅರ್ಕಾವತ್ತು ‘ರ್’ ಆಗಿ ಯಕಾರದ ಎಡಕ್ಕೆ ಹಾರಬೇಕು, ಪಕ್ಕದ ರ-ಒತ್ತು ಮಾತ್ರ ಇದ್ದಲ್ಲೇ ಇರಬೇಕು. ಎರಡೂ ರಕಾರವೇ, ನಡತೆ ಬೇರೆ ಬೇರೆ.

ಇದಕ್ಕೊಂದು ಮದ್ದು ನನ್ನ ಹತ್ತಿರ ಇತ್ತು. ಹುಬ್ಬಳ್ಳಿಯ ಇಂಜಿನಿಯರರೊಬ್ಬರು ಬರೆದು ಇಂಟರ್ನೆಟ್ಟಿನಲ್ಲಿ ಇಟ್ಟಿದ್ದ ಪೈಥಾನ್ ಪ್ರೋಗ್ರಾಂ, ಮುನ್ನೂರು ಸಾಲಿನದ್ದು. ಸಂಚಿಕೆಯ ಕೆಲಸ ಎರಡು ಸಂಜೆಯಲ್ಲಿ ಮುಗಿಯಿತು. ಸುದ್ದಿ ಹಬ್ಬಿತು. ಒಂದು ಗ್ರಂಥಾಲಯದವರಿಗೆ ಅದು ಬೇಕಾಯಿತು, ಯಕ್ಷಗಾನ ಪ್ರಸಂಗಗಳನ್ನೆಲ್ಲ ಟೈಪ್ ಮಾಡಿಸಿಟ್ಟಿದ್ದ ನಮ್ಮ ಮಾಷ್ಟ್ರಿಗೆ ಬೇಕಾಯಿತು, ಎರಡು ಶಾಲೆಗಳಿಗೂ ಬೇಕಾಯಿತು. ಫೋನಿನಲ್ಲಿ ನಾನು ಹೇಳಿಕೊಡುವುದು, ಆಚೆಯಿಂದ “ಈಗ ಕಪ್ಪು ಕಿಟಕಿಯಲ್ಲಿ ಎಂತದೋ ಕೆಂಪಗೆ ಬಂತು” ಎನ್ನುವುದು. ಮೂರನೆಯ ಸಲ ಅರ್ಧ ಗಂಟೆ ಫೋನ್ ಹಿಡಿದು ಕೂತಾಗ ಅನಿಸಿತು: ಇದೊಂದು ಡೆಬಿಯನ್ನಿನ ಒಳಗೇ ಇದ್ದಿದ್ದರೆ ಒಂದು ಸಾಲು ಹೇಳಿ ಫೋನ್ ಇಡಬಹುದಿತ್ತು.

ಡೆಬಿಯನ್ ನನಗೆ ಹೊಸತಲ್ಲ. 1993ರಲ್ಲಿ ಐಯಾನ್ ಮರ್ಡಾಕ್ ಶುರು ಮಾಡಿದ, ಈಗಲೂ ಸ್ವಯಂಸೇವಕರೇ ನಡೆಸುವ ಲಿನಕ್ಸ್ ಅದು, ಕಂಪ್ಯೂಟರಿನಲ್ಲಿ ವಿಂಡೋಸಿನ ಜಾಗಕ್ಕೆ ಹಾಕಿಕೊಳ್ಳುವಂಥದ್ದು. ಅಂಗಡಿಯ ಹಳೆಯ ಯಂತ್ರದಲ್ಲಿ ಬೇರೇನೂ ಓಡದಿದ್ದಾಗ ಹಾಕಿಕೊಂಡದ್ದು, ಮತ್ತೆ ಬಿಡಲಿಲ್ಲ. ಲಿನಕ್ಸ್ ಎಂದರೆ ಹೆದರಿಕೆ ಇಲ್ಲದಿರುವುದಕ್ಕೆ ನಾನು ಕೇರಳದ ಸರಕಾರಿ ಶಾಲೆಯಲ್ಲಿ ಕಲಿತದ್ದೇ ಕಾರಣ. ನಾನು ಕಲಿಯುವಾಗ ಇಲ್ಲಿನ ಲ್ಯಾಬುಗಳಲ್ಲಿ ಇದ್ದದ್ದು ಅದೇ. ಕನ್ನಡ ಮಾಧ್ಯಮದ ನಮಗೂ ಅದೇ ಪಾಠ, ಕನ್ನಡದಲ್ಲಿ. ಈಗ ಶಾಲೆಗಳಲ್ಲಿ ಇರುವುದು ಉಬುಂಟುವಿನ ಮೇಲೆ ಕಟ್ಟಿದ್ದು, ಉಬುಂಟು ತನ್ನ ಹೆಚ್ಚಿನ ಸಾಮಾನನ್ನು ತರುವುದು ಡೆಬಿಯನ್ನಿನಿಂದ. ಅಂದರೆ ಮೇಲಿನ ತೋಟದ ಕೆರೆಗೆ ನೀರು ಬಿಟ್ಟರೆ ಕೆಳಗಿನ ತೋಟಕ್ಕೂ ಹರಿದು ಬರುತ್ತದೆ. ಮೇಲಿನ ಕೆರೆಗೇ ಬಿಡೋಣ ಎಂದುಕೊಂಡೆ.

2023ರ ಸೆಪ್ಟೆಂಬರಿನಲ್ಲಿ ಡೆಬಿಯನ್ನಿನ ವಾರ್ಷಿಕ ಸಮ್ಮೇಳನ ಕೊಚ್ಚಿಯ ಇನ್ಫೋಪಾರ್ಕಿನಲ್ಲಿ ನಡೆದಾಗ ರಾತ್ರಿ ರೈಲು ಹತ್ತಿ ಹೋಗಿದ್ದೆ. ಎರಡು ದಿನ ಹಿಂದಿನ ಸಾಲಿನಲ್ಲಿ ಕೂತು ಬಂದದ್ದು ಬಿಟ್ಟರೆ ಬೇರೆ ಘನಕಾರ್ಯ ಮಾಡಲಿಲ್ಲ. ಆದರೆ ಊಟದ ಸಾಲಿನಲ್ಲಿ ತೃಶೂರಿನ ಒಬ್ಬರ ಪರಿಚಯವಾಗಿತ್ತು, ಡೆಬಿಯನ್ ಡೆವಲಪರ್. ಅವರಿಗೇ ಬರೆದೆ. “ಡೆಬಿಯನ್ನಿನ ಭಂಡಾರಕ್ಕೆ ಸೇರುವ ಹಾಗೆ ಒಂದು ಪ್ರೋಗ್ರಾಮನ್ನು ಪ್ಯಾಕೇಜ್ ಮಾಡುವುದೆಂದರೆ ಎಷ್ಟು ದಿನದ ಕೆಲಸ?” ಎಂದು ಕೇಳಿದ್ದಕ್ಕೆ ಅವರು ನಗುವ ಚಿಹ್ನೆ ಮಾತ್ರ ಕಳಿಸಿದರು. ಒಂದು ವಾರ ಎಂದು ನಾನು ಲೆಕ್ಕ ಹಾಕಿದ್ದೆ. ಕಟ್ಟಿ ಕೊಡುವುದು ಅಷ್ಟೆ ತಾನೆ, ಕೋಡುಬಳೆ ಪ್ಯಾಕೆಟ್ಟಿನ ಹಾಗೆ.

ಮೊದಲ ಹೆಜ್ಜೆ, ನಾನು ಇಂಥದ್ದನ್ನು ಪ್ಯಾಕೇಜ್ ಮಾಡಲಿಕ್ಕೆ ಹೊರಟಿದ್ದೇನೆ ಎಂದು ಮುಂಚಿತವಾಗಿ ತಿಳಿಸುವುದು. ಅದೂ ಒಂದು ಬಗ್ ಆಗಿಯೇ ದಾಖಲಾಗುತ್ತದೆ. ಈ ಪ್ರೋಗ್ರಾಂ ಡೆಬಿಯನ್ನಿನಲ್ಲಿ ಇಲ್ಲದಿರುವುದೇ ಒಂದು ಕುಂದು, ಅದನ್ನು ನಾನು ನೀಗಿಸುತ್ತೇನೆ ಎಂಬ ಲೆಕ್ಕ. ಆಟಿಯ ಜಡಿಮಳೆಯ ಒಂದು ರಾತ್ರಿ ಇಮೇಲ್ ಕಳಿಸಿದೆ. ಹತ್ತು ಲಕ್ಷ ದಾಟಿದ ಒಂದು ನಂಬರ್ ಬಂತು. ಅಷ್ಟರಲ್ಲಿ ಕರೆಂಟ್ ಹೋಯಿತು. ನಂಬರನ್ನು ಕ್ಯಾಲೆಂಡರಿನ ಆಗಸ್ಟ್ ಪುಟದಲ್ಲಿ, ಗ್ಯಾಸ್ ಬುಕ್ ಮಾಡಿದ ತಾರೀಕಿನ ಪಕ್ಕ ಬರೆದಿಟ್ಟೆ.

ಎರಡನೆಯ ಹೆಜ್ಜೆಯಲ್ಲೇ ಜಾರಿದೆ. ಪ್ಯಾಕೇಜಿನ ಜತೆ ಕಾಪಿರೈಟ್ ಎಂಬ ಒಂದು ಕಡತ ಇರಬೇಕು. ಒಳಗಿನ ಒಂದೊಂದು ಫೈಲ್ ಯಾರದ್ದು, ಯಾವ ವರ್ಷದ್ದು, ಯಾವ ಷರತ್ತಿನಲ್ಲಿ ಕೊಟ್ಟದ್ದು, ಎಲ್ಲ ಅದರಲ್ಲಿ. ಹುಬ್ಬಳ್ಳಿಯವರು ತಮ್ಮ ಪ್ರೋಗ್ರಾಮಿನ ಪರಿಚಯದಲ್ಲಿ ಒಂದೇ ಸಾಲು ಬರೆದಿದ್ದರು: ಕನ್ನಡದ ಕೆಲಸಕ್ಕೆ ಉಚಿತ, ವ್ಯಾಪಾರಕ್ಕೆ ಬಳಸುವಂತಿಲ್ಲ. ಓದುವಾಗ ಒಳ್ಳೆಯ ಮನುಷ್ಯನ ಒಳ್ಳೆಯ ಮಾತು. ಆದರೆ ಡೆಬಿಯನ್ 1997ರಲ್ಲಿ ಒಪ್ಪಿಕೊಂಡ ಮಾರ್ಗಸೂಚಿಯಲ್ಲಿ ಎರಡು ಅಂಶಗಳಿವೆ. ಜನರಲ್ಲಿ ಭೇದ ಮಾಡಬಾರದು, ಮಾಡುವ ಉದ್ಯೋಗದಲ್ಲಿಯೂ ಭೇದ ಮಾಡಬಾರದು. ‘ವ್ಯಾಪಾರಕ್ಕೆ ಇಲ್ಲ’ ಎಂದರೆ ಅದು ಮುಕ್ತ ತಂತ್ರಾಂಶವೇ ಅಲ್ಲ.

ಫೋನ್ ಮಾಡಿದೆ.

“ಅಲ್ರೀ, ನಾ ಹಗಲೂ ರಾತ್ರಿ ಕುಂತು ಬರದದ್ದನ್ನ ಯಾರೋ ತಗೊಂಡು ರೊಕ್ಕಾ ಮಾಡ್ಲಿ ಅಂತೀರೇನು?”

“ಸಾರ್, ಈಗ ರೊಕ್ಕ ಮಾಡ್ತಾ ಇರುವವನು ನಾನೇ. ನನ್ನದು ಡಿಟಿಪಿ ಅಂಗಡಿ.”

ಆ ಕಡೆ ಸದ್ದಿಲ್ಲ. ಸಂಚಿಕೆಗೆ ಪುಟಕ್ಕಿಷ್ಟು ಎಂದು ತೆಗೆದುಕೊಂಡದ್ದನ್ನೂ ಹೇಳಿದೆ. ಕೊನೆಗೆ ಅವರು ನಕ್ಕರು. “ಹೋಗ್ಲಿ ಬಿಡ್ರಿ. ಆದ್ರ ನನ್ನ ಪ್ರೋಗ್ರಾಂ ತಿದ್ದಿ ಮಾರಿದಾಂವ ಆ ತಿದ್ದುಪಡಿನೂ ಎಲ್ಲಾರಿಗೂ ಕೊಡಬೇಕು, ಹಂಗೊಂದು ಲೈಸೆನ್ಸ್ ಐತೇನು?” ಇದೆ, ಜಿಪಿಎಲ್ ಎಂಬ ಲೈಸೆನ್ಸ್ ಹೆಚ್ಚುಕಡಿಮೆ ಅದನ್ನೇ ಮಾಡುತ್ತದೆ, ಎಲ್ಲರಿಗೂ ಅಲ್ಲದಿದ್ದರೂ ಪ್ರೋಗ್ರಾಂ ಪಡೆದವರಿಗೆ ತಿದ್ದಿದ ಮೂಲವನ್ನೂ ಕೊಡಲೇಬೇಕು ಎಂದೆ. ಆ ವಾರವೇ ಜಿಪಿಎಲ್ ಮೂರನೆಯ ಆವೃತ್ತಿಯ ಪಠ್ಯ ಸೇರಿಸಿ, ಅಲ್ಲಿಯವರೆಗೆ ಆವೃತ್ತಿಯ ನಂಬರೇ ಇಲ್ಲದಿದ್ದ ಪ್ರೋಗ್ರಾಮಿಗೆ 1.0 ಎಂದು ಗುರುತು ಹಾಕಿದರು. ಡೆಬಿಯನ್ನಿಗೆ ಆ ನಂಬರೂ ಬೇಕು. ಹೊಸತು ಬಂದಾಗ ಗೊತ್ತಾಗಬೇಕಾದರೆ ಹಳೆಯದಕ್ಕೊಂದು ಹೆಸರು ಬೇಡವೇ?

ಅದು ಬಗೆಹರಿಯಿತು ಎನ್ನುವಾಗ ಪರೀಕ್ಷೆಗೆಂದು ಇಟ್ಟ ಫೈಲಿನೊಳಗೆ ಇನ್ನೊಂದು ಕಂಡಿತು. ಪರಿವರ್ತನೆ ಸರಿಯಾಗುತ್ತದೋ ಎಂದು ನೋಡಲಿಕ್ಕೆ ಅವರು ಹಾಕಿದ್ದದ್ದು ಈಗಲೂ ಬದುಕಿರುವ ಒಬ್ಬ ಕವಿಯ ಇಡೀ ಕವಿತೆ. ಅದನ್ನು ಹಂಚುವ ಹಕ್ಕು ಹುಬ್ಬಳ್ಳಿಯವರಿಗೂ ಇಲ್ಲ, ನನಗೂ ಇಲ್ಲ. ಕವಿತೆ ಕಿತ್ತು ಮೂಲದ ಕಟ್ಟನ್ನು ಮತ್ತೆ ಕಟ್ಟಬೇಕಾಯಿತು. ಹಾಗೆ ಮಾಡಿದ್ದೇನೆ ಎಂದು ಆವೃತ್ತಿಯ ನಂಬರಿಗೆ ಒಂದು ಬಾಲವನ್ನೂ ಸೇರಿಸಬೇಕು. ಆದರೆ ಕವಿತೆಯ ಜಾಗಕ್ಕೆ ಏನು ಹಾಕುವುದು?

ಮಾಷ್ಟ್ರ ಮನೆಗೆ ಹೋದೆ. ನೀರ್ಚಾಲಿನ ಆಚೆ ತೋಟದ ನಡುವಿನ ಮನೆ. ನಿವೃತ್ತರಾಗಿ ವರ್ಷಗಳೇ ಆದವು, ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವರು. ಅಂಗಳದಲ್ಲಿ ಅಡಿಕೆ ಹೆಕ್ಕುತ್ತಿದ್ದವರು ಕೈ ಒರಸಿಕೊಂಡು ಬಂದು, ವಿಷಯ ಕೇಳಿ, ಯೋಚನೆಯನ್ನೇ ಮಾಡದೆ ಹೇಳಿದರು: “ಗೋವಿಂದ ಪೈಗಳದ್ದು ಹಾಕು. ಮಂಜೇಶ್ವರದವರು, ನಮ್ಮವರು.”

ನನಗೂ ಹಿಡಿಸಿತು. ಪೈಗಳು ತೀರಿಕೊಂಡದ್ದು 1963ರಲ್ಲಿ. ನಮ್ಮ ದೇಶದ ಕಾನೂನಿನಲ್ಲಿ ಲೇಖಕ ಸತ್ತ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ, ಆ ಲೆಕ್ಕ ಮರುವರ್ಷದ ಜನವರಿಯಿಂದ. ಹಾಗಾದರೆ 2024ರ ಜನವರಿ 1ಕ್ಕೆ ಅವರ ಕಾವ್ಯ ಎಲ್ಲರ ಸ್ವತ್ತಾಯಿತು. ಎಷ್ಟು ಸರಿಯಾದ ಹೊತ್ತಿಗೆ! ಖುಷಿಯಲ್ಲಿ ತೃಶೂರಿಗೆ ಬರೆದರೆ ಒಂದೇ ಸಾಲಿನ ಉತ್ತರ: “ಅಮೆರಿಕದಲ್ಲಿ?” ಅಲ್ಲಿನ ಲೆಕ್ಕ ಬೇರೆ. ನಮ್ಮಲ್ಲಿ 1996ರಲ್ಲಿ ಹಕ್ಕು ಇನ್ನೂ ಚಾಲ್ತಿಯಲ್ಲಿದ್ದ ಕೃತಿಗೆ ಅಲ್ಲಿ ಪ್ರಕಟವಾದ ವರ್ಷದಿಂದ 95 ವರ್ಷ. ಡೆಬಿಯನ್ನಿನ ಭಂಡಾರದ ಪ್ರತಿಗಳು ಲೋಕದ ತುಂಬ ಇರುತ್ತವೆ, ಅಮೆರಿಕದಲ್ಲೂ. ಮಂಜೇಶ್ವರದಲ್ಲಿ ಸ್ವತಂತ್ರವಾದದ್ದು ಅಲ್ಲಿ ಇನ್ನೂ ಬಂಧಿ.

ಮಾಷ್ಟ್ರಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಗಡಿಯ ಈಚೆ ಒಂದು, ಆಚೆ ಒಂದು. ನಮಗೆ ಹೊಸತಾ ಅದು?” ಎಂದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರು ಬಾಲಪಾಠದ ಹುಡುಗ. ಆ ವಿಷಯ ಶುರುವಾದರೆ ಮಹಾಜನ ವರದಿ, ಚಂದ್ರಗಿರಿ ಹೊಳೆ ಎಂದು ಮಧ್ಯಾಹ್ನದ ಊಟದ ತನಕ ಮುಂದುವರಿಯುತ್ತದೆ. ಆ ದಿನ ಮಾತ್ರ ಅವರು ಬೇಗ ಮುಗಿಸಿದರು. “ನಾನೇ ಬರೆದು ಕೊಡ್ತೇನೆ. ನಿನಗೆ ಎಲ್ಲ ಒತ್ತಕ್ಷರವೂ ಬರ್ಬೇಕು, ಅಲ್ಲವಾ? ಆದಿತ್ಯವಾರ ಬಾ.”

ಆದಿತ್ಯವಾರ ಹೋದಾಗ ಗೆರೆ ಹಾಕಿದ ಕಾಗದದಲ್ಲಿ ನಲವತ್ತು ಸಾಲು ಸಿದ್ಧ. ತೋಟ, ಮಳೆ, ಮೇಳ, ತಾಳಮದ್ದಳೆ, ಏತಡ್ಕದ ದಾರಿ. ಎಲ್ಲ ವ್ಯಂಜನಕ್ಕೂ ಒತ್ತು, ಅರ್ಕಾವತ್ತು ಹನ್ನೊಂದು ಕಡೆ, ‘ಸ್ವಾತಂತ್ರ್ಯ’ ‘ರಾಷ್ಟ್ರ’ ಥರದ ಮೂರು ಅಂತಸ್ತಿನ ಅಕ್ಷರಗಳೂ ಉಂಟು. “ನೋಡು, ಒಂದೇ ಒಂದು ಇಂಗ್ಲಿಷ್ ಪದ ಇಲ್ಲ” ಎಂದು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಕೆಳಗೆ ಸಹಿ ಮಾಡಿ, ಯಾರು ಬೇಕಾದರೂ ಬಳಸಬಹುದು ಎಂದು ಬರೆಯಿರಿ ಎಂದೆ. ಬರೆದರು. ಜಿಪಿಎಲ್ ಎಂದರೇನು ಎಂದು ಕೇಳಿ ತಿಳಿದುಕೊಂಡ ಮೇಲೆಯೇ.

ಇಷ್ಟಾಗುವಾಗ ಅಕ್ಟೋಬರ್. ಒಂದು ಸಾಲು ಪ್ರೋಗ್ರಾಂ ನಾನು ಇನ್ನೂ ಮುಟ್ಟಿರಲಿಲ್ಲ. ಪ್ಯಾಕೇಜಿಂಗ್ ಎಂದರೆ ಕಂಪ್ಯೂಟರ್ ಕೆಲಸ ಎಂದುಕೊಂಡವನಿಗೆ ಅದು ಪಾಲುಪಟ್ಟಿ ಸರಿಮಾಡುವ ಕೆಲಸದ ಹಾಗೆ ಕಂಡಿತು. ಯಾರ ಹೆಸರಲ್ಲಿ ಎಷ್ಟು ಸೆಂಟ್ಸು, ದಾರಿಯ ಹಕ್ಕು ಯಾರಿಗೆ.

ಬಾಕಿ ಕಡತಗಳಲ್ಲಿ ಹೆಚ್ಚು ಹೇಳುವಂಥದ್ದಿಲ್ಲ, ಬೈಸಿಕೊಂಡದ್ದು ಬಿಟ್ಟು. ಪ್ಯಾಕೇಜಿನ ಹೆಸರಿನಲ್ಲಿ ಸಣ್ಣಕ್ಷರ ಮಾತ್ರ ಇರಬೇಕು, ಅಡಿಗೆರೆ ಇರಬಾರದು. ಅಡಿಗೆರೆ ಹೆಸರನ್ನೂ ಆವೃತ್ತಿಯನ್ನೂ ಬೇರ್ಪಡಿಸುವ ಬೇಲಿ. ಮೂಲದ ಹೆಸರಿನಲ್ಲಿ ಎರಡೂ ತಪ್ಪಿತ್ತು, ಬದಲಾಯಿಸಿದೆ. ಚೇಂಜ್‌ಲಾಗ್ ಎಂಬ ಕಡತದಲ್ಲಿ ಕೊನೆಯ ಸಾಲು ನನ್ನ ಹೆಸರು, ಇಮೇಲ್, ತಾರೀಕು. ಇಮೇಲಿಗೂ ತಾರೀಕಿಗೂ ನಡುವೆ ಎರಡು ಸ್ಪೇಸ್ ಬೇಕು. ಒಂದೇ ಹಾಕಿ ಒಂದು ಸಂಜೆ ಕಳೆದೆ. ರೂಲ್ಸ್ ಕಡತದಲ್ಲಿ ಸಾಲಿನ ಮೊದಲಿಗೆ ಸ್ಪೇಸ್ ಅಲ್ಲ, ಟ್ಯಾಬ್. ಅದಕ್ಕೆ ಇನ್ನೊಂದು ಸಂಜೆ. ಡಿಟಿಪಿಯವನಾಗಿ ಜೀವಮಾನ ಇಡೀ ಸ್ಪೇಸ್ ಎಣಿಸಿದವನು ನಾನು, ಆದರೂ.

ನಿಜವಾದ ಪಾಠ ಕಲಿತದ್ದು ಬರಿಯ ಕೋಣೆಯಲ್ಲಿ ಕಟ್ಟುವಾಗ. ನನ್ನ ಯಂತ್ರದಲ್ಲಿ ಪ್ಯಾಕೇಜ್ ಚೆನ್ನಾಗಿಯೇ ತಯಾರಾಗುತ್ತಿತ್ತು. ಆದರೆ ಡೆಬಿಯನ್ನಿನವರು ಅದನ್ನು ಒಪ್ಪುವುದಿಲ್ಲ. ಎಸ್‌ಬಿಲ್ಡ್ ಎಂಬ ಸಲಕರಣೆ ಪ್ರತಿಸಲ ಏನೇನೂ ಇಲ್ಲದ ಹೊಸ ವ್ಯವಸ್ಥೆಯೊಂದನ್ನು ಎಬ್ಬಿಸಿ, ನಾವು ಕಂಟ್ರೋಲ್ ಕಡತದಲ್ಲಿ ಬರೆದುಕೊಟ್ಟ ಸಾಮಾನುಗಳನ್ನು ಮಾತ್ರ ತಂದು, ಅದರಲ್ಲಿ ಕಟ್ಟಿ ನೋಡುತ್ತದೆ. ಪೂಜೆ ಉಪನಯನಕ್ಕೆ ಅಡಿಗೆಯವರು ಕೊಡುವ ಪಟ್ಟಿಯ ಹಾಗೆ ಅದು. ಮನೆಯಲ್ಲಿ ಮಾಡುವಾಗ ಉಪ್ಪು ಪಟ್ಟಿಗೆ ಹಾಕುವವರಿಲ್ಲ, ಅದು ಯಾವಾಗಲೂ ಇದ್ದೇ ಇರುತ್ತದೆ. ಸಭಾಭವನದಲ್ಲಿ ಪಟ್ಟಿಯಲ್ಲಿ ಇಲ್ಲದ್ದು ಇಲ್ಲ. ನನ್ನ ಪಟ್ಟಿಯಲ್ಲಿ ಉಪ್ಪು, ಸಾಸಿವೆ, ಬಾಳೆಲೆ ಮೂರೂ ಬಿಟ್ಟುಹೋಗಿದ್ದವು. ಪರೀಕ್ಷೆ ನಡೆಸುವ ಪೈಥಾನ್ ಲೈಬ್ರರಿ, ಕನ್ನಡದ ಅಕ್ಷರಗಳನ್ನು ಸರಿಯಾಗಿ ಓದುವ ಭಾಷಾ ಹೊಂದಿಕೆ, ಮತ್ತೊಂದು. ಒಂದೊಂದು ಸಲ ಒಂದೊಂದಕ್ಕೆ ಮುಗ್ಗರಿಸಿತು. ಪ್ರತಿಸಲವೂ ಕೋಣೆ ಹೊಸತಾಗಿ ಏಳಬೇಕು, ಇಂಟರ್ನೆಟ್ಟಿನಿಂದ ಸಾಮಾನು ಬರಬೇಕು. ಫೈಬರ್ ಕೈಕೊಟ್ಟ ದಿನ ಫೋನಿನ ಡೇಟಾ ಮುಗಿದು ಅಕ್ಕನ ಫೋನೂ ತೆಗೆದುಕೊಂಡೆ.

“ಎಂತ ಅಷ್ಟು ಡೌನ್‌ಲೋಡ್ ಮಾಡ್ತಿ? ಸಿನೆಮವಾ?”

“ಅಲ್ಲ ಅಕ್ಕ, ಖಾಲಿ ಕೋಣೆ.”

ಇನ್ನೊಂದು ಕಥೆ ಹೇಳಲೇಬೇಕು. ಒಂದೇ ಮೂಲದಿಂದ ಎರಡು ಸಲ ಕಟ್ಟಿದರೆ ಎರಡು ಪ್ಯಾಕೇಜೂ ಒಂದು ಬಿಟ್ ಕೂಡ ವ್ಯತ್ಯಾಸ ಇಲ್ಲದೆ ಒಂದೇ ಆಗಿರಬೇಕು ಎಂಬುದು ಡೆಬಿಯನ್ನಿನವರ ಆಗ್ರಹ. ನಡುವೆ ಯಾರೂ ಏನೂ ಸೇರಿಸಿಲ್ಲ ಎಂದು ಯಾರು ಬೇಕಾದರೂ ಕಟ್ಟಿ ನೋಡಿ ತಿಳಿಯಲಿಕ್ಕೆ. ನನ್ನದು ಪ್ರತಿಸಲವೂ ಬೇರೆ. ಡಿಫೋಸ್ಕೋಪ್ ಎಂಬ ಸಲಕರಣೆ ಎರಡನ್ನೂ ಬಿಚ್ಚಿ ಹೋಲಿಸಿ ತೋರಿಸಿತು. ಅಕ್ಷರಗಳ ಕೋಷ್ಟಕ ತಯಾರಾಗುವಾಗ ಸಾಲುಗಳ ಅನುಕ್ರಮ ಸಲಕ್ಕೊಂದು ಥರ. ಒಮ್ಮೆ ಕಕಾರ ಮೊದಲು, ಒಮ್ಮೆ ಳಕಾರ. ಹುಬ್ಬಳ್ಳಿಯವರು ಪೈಥಾನಿನ ಸೆಟ್ ಬಳಸಿದ್ದರು. ಭದ್ರತೆಯ ಕಾರಣಕ್ಕೆ ಪೈಥಾನ್ ಪ್ರತಿಸಲ ಬೇರೆ ಬೇರೆ ರೀತಿ ಹ್ಯಾಶ್ ಲೆಕ್ಕ ಹಾಕುವುದರಿಂದ ಸೆಟ್ಟಿನೊಳಗಿನ ಪದಗಳ ಕ್ರಮ ನಿಶ್ಚಿತವಲ್ಲ. ಅಕಾರಾದಿಯಾಗಿ ಜೋಡಿಸು ಎಂದು ಒಂದು ಮಾತು ಸೇರಿಸಿದರೆ ಮುಗಿಯಿತು. ಹುಡುಕಲಿಕ್ಕೆ ಮೂರು ದಿನ, ಸರಿಮಾಡಲಿಕ್ಕೆ ಒಂದು ಪದ. ತಿದ್ದುಪಡಿಯನ್ನು ಹುಬ್ಬಳ್ಳಿಗೂ ಕಳಿಸಿದೆ, ಅವರು ಮೂಲದಲ್ಲೇ ಸೇರಿಸಿದರು.

ಲಿಂಟಿಯನ್ ಎಂಬ ತಪಾಸಣೆಗಾರ ಬೇರೆ. ಪ್ಯಾಕೇಜನ್ನು ಓದಿ ಕುಂದುಗಳ ಪಟ್ಟಿ ಕೊಡುತ್ತದೆ. ಕೈಪಿಡಿಯ ಪುಟ ಇಲ್ಲ ಎಂದಿತು. ಬರೆದೆ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ. ಕನ್ನಡದ ಪುಟ ನನ್ನ ಟರ್ಮಿನಲ್‌ನಲ್ಲಿ ತೆರೆದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿ, ಅಕ್ಷರಕ್ಕೊಂದು ಚೌಕ ಎಂದು ಲೆಕ್ಕ ಇಡುವ ಆ ಕಪ್ಪು ಕಿಟಕಿಗೆ ನಮ್ಮ ಲಿಪಿ ಇನ್ನೂ ಒಗ್ಗಿಲ್ಲ. ಆದರೂ ಇರಲಿ ಎಂದು ಬಿಟ್ಟೆ. ಕಿಟಕಿ ಸುಧಾರಿಸಿದ ದಿನ ಪುಟ ಅಲ್ಲಿರುತ್ತದೆ.

ನನಗೆ ಭಂಡಾರಕ್ಕೆ ನೇರವಾಗಿ ಏರಿಸುವ ಅಧಿಕಾರ ಇಲ್ಲ. ಹೊಸಬರು ಪ್ಯಾಕೇಜಿಗೆ ತಮ್ಮ ಡಿಜಿಟಲ್ ಕೀಲಿಯಿಂದ ಸಹಿ ಹಾಕಿ ಮೆಂಟರ್ಸ್ ಎಂಬ ಜಾಗದಲ್ಲಿ ಇಡಬೇಕು, ಅಧಿಕಾರ ಇರುವ ಒಬ್ಬರು ಅದನ್ನು ಪರೀಕ್ಷಿಸಿ ಹೊಣೆ ಹೊತ್ತು ಏರಿಸಬೇಕು. ಡಿಸೆಂಬರಿನಲ್ಲಿ ತೃಶೂರಿನವರು ಒಪ್ಪಿಕೊಂಡರು. ಫೋನಿನಲ್ಲಿ ಮಾತು ಮಲಯಾಳದಲ್ಲಿ. ನನ್ನದು ಕಾಸರಗೋಡು ಬಸ್ ಸ್ಟ್ಯಾಂಡಿನ ಮಲಯಾಳ, ಅವರದ್ದು ಅಚ್ಚ ತೃಶೂರಿನದ್ದು. “ಒಕ್ಕೆ ಶರಿಯಾಣ್, ಪಕ್ಷೇ...”, ಎಲ್ಲ ಸರಿ, ಆದರೆ, ಎಂದು ಅವರು ಶುರು ಮಾಡಿದರೆ, ಆ ‘ಪಕ್ಷೇ’ಯ ಹಿಂದೆ ಹತ್ತು ತಿದ್ದುಪಡಿ ಇದೆ ಎಂದು ಅರ್ಥ. ವಿವರಣೆಯಲ್ಲಿ ‘ಅತ್ಯುತ್ತಮ’ ಎಂದು ಬರೆದದ್ದನ್ನು ತೆಗೆಸಿದರು: ಹೊಗಳಿಕೆ ಬೇಡ, ಏನು ಮಾಡುತ್ತದೆ ಎಂದು ಹೇಳಿ. ನಾಲ್ಕು ಸಲ ಹಿಂದೆ ಬಂತು. ಅವರಿಗೆ ಕನ್ನಡದ ಒಂದಕ್ಷರ ಬರುವುದಿಲ್ಲ, ಆದರೆ ಮಾಷ್ಟ್ರ ನಲವತ್ತು ಸಾಲಿನ ಪರೀಕ್ಷೆ ಅವರ ಯಂತ್ರದಲ್ಲಿ ಓಡಿ ‘ಪಾಸ್’ ಎಂದು ಬಂದ ರಾತ್ರಿ ಅದರ ಚಿತ್ರ ತೆಗೆದು ಕಳಿಸಿದರು. ಕನ್ನಡದ ಹೆಸರಿನಲ್ಲಿ ಮಲಯಾಳಿಗಳನ್ನು ಬೈಯುವವರು ನಮ್ಮಲ್ಲಿ ಕಡಿಮೆಯಿಲ್ಲ, ಬೈಯಲಿಕ್ಕೆ ಕಾರಣಗಳೂ ಕಡಿಮೆಯಿಲ್ಲ. ಈ ಕೆಲಸಕ್ಕೆ ಮಾತ್ರ ನನಗೆ ಸಿಕ್ಕಿದ ಜಾಮೀನು ತೃಶೂರಿನದ್ದು.

2025ರ ಜನವರಿ ಕೊನೆಗೆ ಅವರು ಏರಿಸಿದರು. ಭಂಡಾರಕ್ಕೆ ಮೊದಲ ಸಲ ಬರುವ ಪ್ಯಾಕೇಜ್ ‘ನ್ಯೂ’ ಎಂಬ ಸಾಲಿನಲ್ಲಿ ನಿಲ್ಲುತ್ತದೆ. ಅಲ್ಲಿ ಆಗ ಎಫ್‌ಟಿಪಿ ಮಾಸ್ಟರ್ಸ್ ಎಂಬ ಸಣ್ಣ ಗುಂಪಿನವರು ಒಂದೊಂದನ್ನೂ ಕೈಯಾರೆ ನೋಡುತ್ತಿದ್ದರು. ಒಂದು ವಾರ, ಎರಡು ವಾರ, ತಿಂಗಳು. ದಿನಾ ಬೆಳಗ್ಗೆ ಅಂಗಡಿ ತೆರೆದು ದೀಪ ಹಚ್ಚಿ ಆ ಸಾಲು ನೋಡುವುದು ಅಭ್ಯಾಸವಾಯಿತು. ಮಾರ್ಚ್ ನಡುವಿನಲ್ಲಿ ಉತ್ತರ ಬಂತು: ತಿರಸ್ಕೃತ.

ಕಾರಣ ಓದಿ ನಾಚಿಕೆಯಾಯಿತು. ಅಕ್ಷರ ಕೋಷ್ಟಕದ ಫೈಲಿನ ತಲೆಯಲ್ಲಿ, ಟಿಪ್ಪಣಿಯೊಳಗೆ, ಬೇರೆ ಯಾರದ್ದೋ ಹೆಸರು ಇತ್ತು. ಹುಬ್ಬಳ್ಳಿಯವರು ಆ ಕೋಷ್ಟಕವನ್ನು ಇನ್ನೊಂದು ಹಳೆಯ ಮುಕ್ತ ಪ್ರೋಗ್ರಾಮಿನಿಂದ ತೆಗೆದುಕೊಂಡಿದ್ದರು, ಹೆಸರನ್ನು ಪ್ರಾಮಾಣಿಕವಾಗಿ ಉಳಿಸಿಕೊಂಡೂ ಇದ್ದರು. ಜಿಪಿಎಲ್ ಎರಡು ಅಥವಾ ಅದರ ಮೇಲಿನದ್ದು. ಕೂಡಿ ಬರುವ ಲೈಸೆನ್ಸೇ, ತಂಟೆ ಇಲ್ಲ. ಆದರೆ ನನ್ನ ಕಾಪಿರೈಟ್ ಕಡತದಲ್ಲಿ ಆ ಹೆಸರು ಇರಲಿಲ್ಲ. ಮಾಷ್ಟ್ರ ಹೆಸರು ಹಾಕಲಿಕ್ಕೆ ಅಷ್ಟು ಆಸ್ಥೆ ಪಟ್ಟವನು ಈ ಹೆಸರನ್ನು ನೂರು ಸಲ ಕಂಡೂ ಕಾಣಲಿಲ್ಲ. ಲೋಕದ ಯಾವ ಮೂಲೆಯಲ್ಲೋ ಕೂತ, ಕನ್ನಡ ಅಕ್ಷರವನ್ನೇ ಓದಲಾಗದ ಒಬ್ಬರು ಕಂಡರು.

ಮೂರು ಸಾಲು ಸೇರಿಸಿ ಮತ್ತೆ ಏರಿಸಿದೆವು, ಮತ್ತೆ ಸಾಲಿನ ಬಾಲಕ್ಕೆ. ಈ ಸಲ ಗಡಿಯಾರ ಬೇರೆ ಓಡುತ್ತಿತ್ತು. ಡೆಬಿಯನ್ನಿನ ಮುಂದಿನ ಆವೃತ್ತಿ ಟ್ರಿಕ್ಸಿ ಹೊರಬರುವ ತಯಾರಿಯಲ್ಲಿ ಏಪ್ರಿಲ್ 15ರ ನಂತರ ಹೊಸ ಪ್ಯಾಕೇಜುಗಳಿಗೆ ಒಳಗೆ ಪ್ರವೇಶ ಇಲ್ಲ. ವಿಷು ದಾಟಿತು, 15 ದಾಟಿತು. ಸ್ವೀಕಾರದ ಇಮೇಲ್ ಬಂದದ್ದು ಮೇ ಮೊದಲ ವಾರ. ನನ್ನ ಆ ಹತ್ತು ಲಕ್ಷದ ಮೇಲಿನ ನಂಬರಿನ ಬಗ್ ತಾನಾಗಿ ಮುಚ್ಚಿಕೊಂಡಿತು. ಬಸ್ ಹೋದ ಮೇಲೆ ನಿಲ್ದಾಣಕ್ಕೆ ಬಂದ ಹಾಗೆ. ಆಗಸ್ಟ್ 9ರಂದು ಟ್ರಿಕ್ಸಿ ಬಿಡುಗಡೆಯಾಯಿತು, 70 ಸಾವಿರದ ಹತ್ತಿರ ಪ್ಯಾಕೇಜುಗಳೊಂದಿಗೆ. ಅದರಲ್ಲಿ ನಮ್ಮದಿಲ್ಲ.

ಮಾಷ್ಟ್ರಿಗೆ ಹೇಳಲಿಕ್ಕೆ ಸಂಕೋಚವಾಗಿ ಎರಡು ವಾರ ಆ ಕಡೆ ಹೋಗಲಿಲ್ಲ. ಅವರೇ ಪೇಟೆಗೆ ಬಂದಾಗ ಅಂಗಡಿಗೆ ಬಂದರು. ಹೇಳಿದೆ. “ಇನ್ನೆಷ್ಟು ವರ್ಷ?” ಎರಡು ವರ್ಷಕ್ಕೊಮ್ಮೆ ಹೊಸತು ಬರುವುದು ವಾಡಿಕೆ ಎಂದೆ. “ಬ್ರಹ್ಮಕಲಶಕ್ಕಿಂತ ಬೇಗವೇ ಆಯಿತಲ್ಲ” ಎಂದು ಸಂತೆಯ ಚೀಲ ಎತ್ತಿಕೊಂಡು ಹೊರಟರು.

ಅಷ್ಟು ಕಾಯಬೇಕಾಗಿ ಬರಲಿಲ್ಲ. ಬಿಡುಗಡೆಯಾದ ಆವೃತ್ತಿಗೆ ಹೊಸ ಪ್ಯಾಕೇಜುಗಳನ್ನು ಹಿಂದಿನಿಂದ ಸೇರಿಸುವ ಬ್ಯಾಕ್‌ಪೋರ್ಟ್ಸ್ ಎಂಬ ಓಣಿ ಇದೆ. ಅದಕ್ಕೆ ಮೊದಲು ಪ್ಯಾಕೇಜ್ ಮುಂದಿನ ಆವೃತ್ತಿಯ ಪರೀಕ್ಷಾ ಸಾಲಿಗೆ ದಾಟಿರಬೇಕು. ನಮ್ಮದು ದಾಟಲಿಲ್ಲ, ಯಾಕೆಂದು ತಿಳಿಯದೆ ಒಂದು ವಾರ ತಲೆ ಕೆರೆದೆ. ‘ನ್ಯೂ’ ಸಾಲಿಗೆ ಕಳಿಸುವಾಗ ಮೂಲದ ಜತೆ ಕಟ್ಟಿದ ಪ್ಯಾಕೇಜನ್ನೂ ಕಳಿಸಬೇಕು. ಆದರೆ ಮನುಷ್ಯರು ತಮ್ಮ ಮನೆಯಲ್ಲಿ ಕಟ್ಟಿ ಕಳಿಸಿದ್ದನ್ನು ಮುಂದಕ್ಕೆ ಬಿಡುವುದಿಲ್ಲ, ಡೆಬಿಯನ್ನಿನ ಯಂತ್ರಗಳೇ ಕಟ್ಟಿದ್ದಾಗಬೇಕು. ಮೂಲವನ್ನು ಮಾತ್ರ ಇನ್ನೊಮ್ಮೆ ಏರಿಸಬೇಕಿತ್ತು. ತೃಶೂರಿನವರಿಗೂ ಮರೆತಿತ್ತು, ಅದೊಂದು ನನಗೆ ಸಮಾಧಾನ.

ನವೆಂಬರಿನ ಒಂದು ಶನಿವಾರ ಗ್ರಂಥಾಲಯಕ್ಕೆ ಹೋದೆವು, ನಾನು ಮತ್ತು ಮಾಷ್ಟ್ರು. ಅಲ್ಲಿನ ಯಂತ್ರದಲ್ಲಿ ಟ್ರಿಕ್ಸಿ ಹಾಕಿಕೊಟ್ಟದ್ದು ನಾನೇ. ಒಂದು ಸಾಲು ಟೈಪ್ ಮಾಡಿದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಇಳಿದು ಕೂತಿತು. ಹದಿನೈದು ತಿಂಗಳು ಎಂದು ಹೇಳಬೇಕೆಂದಿದ್ದೆ, ಅಷ್ಟು ಹೊತ್ತು ಆಗಲಿಲ್ಲ. ಕಾಪಿರೈಟ್ ಕಡತ ತೆರೆದು ಮಾಷ್ಟ್ರ ಹೆಸರು ತೋರಿಸಿದೆ, ಇಂಗ್ಲಿಷ್ ಅಕ್ಷರದಲ್ಲಿ. ಅವರು ಕಾಗುಣಿತ ಸರಿ ಉಂಟಾ ಎಂದು ನೋಡಿದರು, ಬೇರೇನೂ ಹೇಳಲಿಲ್ಲ. ಆ ಮೇಲೆ 2012ರ ಸಂಚಿಕೆ ಹಾಕಿದೆ. ‘ಧಾರ್ಮಿಕ ಕಾರ್ಯಕ್ರಮ’ ಬಂತು. ‘ಸಾಂಸ್ಕೃತಿಕ ಕಾರ್ಯಕ್ರಮ’ ಬಂತು. ಗ್ರಂಥಾಲಯದವರು ಚಾ ತರಿಸಿದರು.

ಮಾಷ್ಟ್ರು ಪರದೆಗೆ ಮುಖ ಒಡ್ಡಿ ಕೂತು ಓದುತ್ತ ಹೋದವರು ಒಂದು ಕಡೆ ಬೆರಳಿಟ್ಟರು. “ಇದೆಂತದು?”

ಸನ್ಮಾನದ ಪಟ್ಟಿ. ‘ರ‍್ಯಾಂಕ್ ವಿಜೇತರು’ ಎಂದು ಇರಬೇಕಾದಲ್ಲಿ ‘ರ್ಯಾಂಕ್’ ಎಂದು, ಯಕಾರದ ಬಲಕ್ಕೆ ಅರ್ಕಾವತ್ತು ನೇತುಕೊಂಡು ಕೂತಿತ್ತು. ರಕಾರದ ಕೆಳಗೆ ಯ-ಒತ್ತು ಬರಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ ಸೇರಿಸಬೇಕು, ಇಲ್ಲದಿದ್ದರೆ ಯುನಿಕೋಡ್ ಅದನ್ನು ಅರ್ಕಾವತ್ತೆಂದೇ ತಿಳಿಯುತ್ತದೆ. ಪ್ರೋಗ್ರಾಂ ಅದನ್ನು ಸೇರಿಸಿರಲಿಲ್ಲ. ನಲವತ್ತು ಸಾಲಿನ ಪರೀಕ್ಷೆಯಲ್ಲಿ ಇದು ಹೇಗೆ ತಪ್ಪಿಸಿಕೊಂಡಿತು ಎಂದು ಯೋಚಿಸುವಾಗ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ರ‍್ಯಾಂಕ್, ರ‍್ಯಾಲಿ, ಎಲ್ಲ ಇಂಗ್ಲಿಷ್ ಪದಗಳು.

“ಬಗ್ ಹಾಕ್ಬೇಕಲ್ಲ ಇದಕ್ಕೆ?” ಮಾಷ್ಟ್ರು ಕೇಳಿದರು.

ಅಲ್ಲೇ ಕೂತು ತುಂಬಿಸಿದೆ. ತೀವ್ರತೆ ಎಷ್ಟು ಎಂದು ಯಂತ್ರ ಕೇಳಿತು. ನಾನು ‘ಮೈನರ್’ ಮೇಲೆ ಕರ್ಸರ್ ಇಟ್ಟೆ.

“ಅಕ್ಷರ ತಪ್ಪು ಮೈನರಾ? ಮೇಲೆ ಹೋಗು.”

‘ನಾರ್ಮಲ್’ಗೆ ಹೋದೆ.

“ಇನ್ನೂ ಮೇಲೆ.”

“ಮಾಷ್ಟ್ರೇ, ಇದರ ಮೇಲಿನದ್ದು ‘ಇಂಪಾರ್ಟೆಂಟ್’. ಅದರ ಮೇಲಿನದ್ದೆಲ್ಲ ಹಾಕಿದರೆ ಪ್ಯಾಕೇಜನ್ನೇ ಹೊರಗೆ ಹಾಕ್ತಾರೆ.”

ಅವರು ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದರೆ ಇಂಪಾರ್ಟೆಂಟ್ ಹಾಕು” ಎಂದು ಚಾದ ಲೋಟ ಎತ್ತಿಕೊಂಡರು.